ನೆರಳು ಹಿಡಿಯಬೇಕಾ? ಚದುರಿ ಕೂರಿ

ಆಕಾಶ ನೋಡೋಣ ಅಂದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಕುಂದಾದ್ರಿ, ಇಲ್ಲವೇ ಕೊಡಚಾದ್ರಿ. ಉಲ್ಕೆ, ಧೂಮಕೇತು ನೋಡಲು ಅದು ಸರಿ. ಆದರೆ ಆಚ್ಛಾದನೆ, ಅಂದರೆ ಒಂದು ಕಾಯ ತಾರೆಗೆ ಅಡ್ಡ ಬಂದು ಮರೆಮಾಡುವುದನ್ನು ದಾಖಲಿಸುವ ರಾತ್ರಿ ಎಲ್ಲರೂ ಒಂದೇ ಬೆಟ್ಟ ಹತ್ತಬೇಡಿ ಎಂದು ಕಲಿಯಲು ಬರುವ ಹವ್ಯಾಸಿಗಳಿಗೆ ಯಾವಾಗಲೂ ಹೇಳುತ್ತೇನೆ. ಒಬ್ಬರು ತೀರ್ಥಹಳ್ಳಿಯಲ್ಲಿರಲಿ, ಒಬ್ಬರು ಶಿವಮೊಗ್ಗದ ಮನೆ ತಾರಸಿಯಲ್ಲಿ, ಇನ್ನೊಬ್ಬರು ಶಿಕಾರಿಪುರದಲ್ಲಿ, ಮತ್ತೊಬ್ಬರು ಸೊರಬದಲ್ಲಿ.

ನೆಪ್ಚೂನಿನ ಆಚೆಗಿನ ಪುಟ್ಟ ಕಾಯಗಳು ದೊಡ್ಡ ದೂರದರ್ಶಕದಲ್ಲೂ ಬರೀ ಚುಕ್ಕೆ. ಅಗಲ ಎಷ್ಟು, ಆಕಾರ ಹೇಗೆ ಅಂತ ನೋಡಿ ಹೇಳಲು ಆಗುವುದಿಲ್ಲ. ಆದರೆ ಅಂಥ ಕಾಯ ಒಂದು ತಾರೆಯ ಮುಂದೆ ಹಾದುಹೋದರೆ ತಾರೆ ಕೆಲವು ಸೆಕೆಂಡು ಮಾಯವಾಗುತ್ತದೆ. ಇದೇ ಆಚ್ಛಾದನೆ. ತಾರೆ ಬಹಳ ದೂರ ಇರುವುದರಿಂದ ಅದರ ಕಿರಣಗಳು ಸಮಾನಾಂತರವಾಗಿ ಬರುತ್ತವೆ. ಹಾಗಾಗಿ ಭೂಮಿ ಮೇಲೆ ಬೀಳುವ ನೆರಳು ಹೆಚ್ಚುಕಡಿಮೆ ಆ ಕಾಯದಷ್ಟೇ ಅಗಲ. ಸೂರ್ಯನಿಗೆ ಎದುರು ದಿಕ್ಕಿನಲ್ಲಿರುವ ದೂರದ ಕಾಯದ ನೆರಳು ಸೆಕೆಂಡಿಗೆ ಸುಮಾರು 25 ಕಿ.ಮೀ. ಓಡುತ್ತದೆ. ತಾರೆ 4 ಸೆಕೆಂಡು ಕಾಣದಿದ್ದರೆ, ನೀವು ಆ ಕಾಯದ ಮೇಲೆ 100 ಕಿ.ಮೀ. ಉದ್ದದ ಒಂದು ಗೆರೆ ಅಳೆದ ಹಾಗೆ.

ಒಂದೇ ಗೆರೆಯಿಂದ ಆಕಾರ ಸಿಗಲ್ಲ, ಅಲ್ವಾ? ಅದು ಕಾಯದ ನಡುವಿನದೋ ಅಂಚಿನದೋ ಯಾರಿಗೆ ಗೊತ್ತು? ಬೆಟ್ಟದ ಮೇಲೆ ಹತ್ತು ದೂರದರ್ಶಕ ಇಟ್ಟರೂ ಅದೇ ಒಂದು ಗೆರೆ. ನೆರಳು ಪೂರ್ವ–ಪಶ್ಚಿಮವಾಗಿ ಓಡುವಾಗ ನಾವು ಉತ್ತರ–ದಕ್ಷಿಣವಾಗಿ ಹರಡಿಕೊಳ್ಳಬೇಕು. ತೀರ್ಥಹಳ್ಳಿಯಿಂದ ಸೊರಬಕ್ಕೆ ಆ ಲೆಕ್ಕದಲ್ಲಿ ಸುಮಾರು 75 ಕಿ.ಮೀ. ಸಿಗುತ್ತದೆ.

ನೆರಳು ಎಲ್ಲಿ ಬೀಳುತ್ತದೆ ಎಂಬ ಮುನ್ಸೂಚನೆ ಜಾರುವುದೂ ಉಂಟು. 2016ರಿಂದ ಗಾಯಾ ಉಪಗ್ರಹದ ಪಟ್ಟಿಗಳು ಬಂದ ಮೇಲೆ ತಾರೆಗಳ ಜಾಗ ತುಂಬಾ ನಿಖರವಾಗಿ ಸಿಗುತ್ತಿದೆ. ಕಾಯದ ಕಕ್ಷೆ ಮಾತ್ರ ಅಷ್ಟು ನಿಖರ ಇರುವುದಿಲ್ಲ. ಪ್ಲೂಟೋ ಇರುವಷ್ಟು ದೂರದಲ್ಲಿ ಒಂದು ಆರ್ಕ್‌ಸೆಕೆಂಡಿನ (ಡಿಗ್ರಿಯ 3600ನೇ ಒಂದು ಪಾಲು) ನೂರನೇ ಒಂದು ಪಾಲು ತಪ್ಪಿದರೂ ನೆರಳು 300 ಕಿ.ಮೀ. ಹತ್ತಿರ ಪಕ್ಕಕ್ಕೆ ಸರಿಯುತ್ತದೆ.

ನೆಪ್ಚೂನಿನ ಆಚೆಗಿನ ಅರೋಕಾತ್ ಎಂಬ ಕಾಯ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಉದ್ದ ಸುಮಾರು 36 ಕಿ.ಮೀ. ಮಾತ್ರ. 2017ರ ಜೂನ್ 3ರಂದು ದಕ್ಷಿಣ ಆಫ್ರಿಕಾ ಮತ್ತು ಅರ್ಜೆಂಟೀನಾದಲ್ಲಿ ಕಾದವರಿಗೆ ತಾರೆ ಮರೆಯಾಗಿದ್ದು ಕಾಣಲೇ ಇಲ್ಲ. ಜುಲೈ 17ರಂದು ಅರ್ಜೆಂಟೀನಾದಲ್ಲಿ 24 ದೂರದರ್ಶಕಗಳನ್ನು ಸಾಲಾಗಿ ಹರಡಿದರು. ತಾರೆ ಮರೆಯಾಗಿದ್ದು ಐದರಲ್ಲಿ ಮಾತ್ರ. ಆ ಐದೇ ಗೆರೆಗಳಿಂದ ಕಾಯ ಎರಡು ಉಂಡೆ ಅಂಟಿಕೊಂಡಂತಿದೆ ಎಂಬ ಸುಳಿವು ಸಿಕ್ಕಿತು. 2019ರ ಜನವರಿ 1ರಂದು ನ್ಯೂ ಹೊರೈಜನ್ಸ್ ನೌಕೆ ಹತ್ತಿರ ಹೋದಾಗ ಅದು ಹಾಗೇ ಇತ್ತು! ಇದನ್ನು ಹೇಳುವಾಗ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಮಾತು. ಹೇಳಿದ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ಒತ್ತುವುದಲ್ಲ, ಬಹಳ ಮುಂಚೆಯೇ ಶುರು ಮಾಡಿ, ಆಮೇಲೂ ಬಿಟ್ಟಿರಿ. 1977ರ ಮಾರ್ಚ್ 10ರಂದು ಯುರೇನಸ್ಸಿನ ಉಂಗುರಗಳು ಸಿಕ್ಕಿದ್ದು ಹಾಗೆಯೇ. ಗ್ರಹ ಅಡ್ಡ ಬರುವ ಮೊದಲೇ ತಾರೆ ಹಲವು ಸಲ ಮಂಕಾಯಿತು, ಆಮೇಲೂ ಅಷ್ಟೆ. ನಮ್ಮ ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅವರೂ ತಮಿಳುನಾಡಿನ ಕವಲೂರು ವೀಕ್ಷಣಾಲಯದಿಂದ ಅಂಥ ಮಂಕಾಗುವಿಕೆಯನ್ನು ದಾಖಲಿಸಿದ್ದರು. 2013ರಲ್ಲಿ ಕೇವಲ 250 ಕಿ.ಮೀ. ಅಗಲದ ಚಾರಿಕ್ಲೋ ಎಂಬ ಪುಟ್ಟ ಕಾಯಕ್ಕೆ ಎರಡು ಉಂಗುರ ಇರುವುದೂ ಹೀಗೇ ತಿಳಿಯಿತು.

ಮಲೆನಾಡಲ್ಲಿ ಮಳೆಗಾಲ ಬಿಟ್ಟೇಬಿಡಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಆಕಾಶ ಚೆನ್ನಾಗಿರುತ್ತದೆ, ಆದರೆ ಇಬ್ಬನಿ ಜಾಸ್ತಿ. ರಾತ್ರಿ ಏರಿದಂತೆ ಮುಂದಿನ ಗಾಜು ಮಂಜಾಗಿ, ಪರದೆ ಮೇಲಿನ ತಾರೆ ಮೆಲ್ಲಗೆ ಕರಗುತ್ತದೆ. ಹೊಸಬರು ಇದನ್ನೇ ಆಚ್ಛಾದನೆ ಅಂದುಕೊಳ್ಳುತ್ತಾರೆ. ಗಾಳಿಯಿಲ್ಲದ ಕಾಯ ಅಡ್ಡ ಬಂದರೆ ತಾರೆ ಸ್ವಿಚ್ ಆರಿಸಿದಂತೆ ಥಟ್ಟನೆ ಹೋಗುತ್ತದೆ. ಪಕ್ಕದ ಇನ್ನೊಂದು ತಾರೆಯೂ ಚಿತ್ರದೊಳಗೆ ಇರಲೇಬೇಕು. ಎರಡೂ ಮಂಕಾದರೆ ಅದು ಇಬ್ಬನಿ, ಇಲ್ಲವೇ ಮೋಡ. ಗಾಜಿನ ಸುತ್ತ ಬಿಸಿ ಪಟ್ಟಿ ಕಟ್ಟಿ.

ಸಮಯಕ್ಕೆ ಮೊಬೈಲ್ ಗಡಿಯಾರ ನಂಬಬೇಡಿ. ಅರ್ಧ ಸೆಕೆಂಡ್ ತಪ್ಪಿದರೆ ನಿಮ್ಮ ಗೆರೆ 12 ಕಿ.ಮೀ. ಆಚೀಚೆ ಆಗುತ್ತದೆ. ಪ್ರತಿ ಚಿತ್ರದ ಮೇಲೂ ಜಿಪಿಎಸ್ ಸಮಯ ಬೀಳಬೇಕು. ದೂರದ ಕಾಯಗಳು ಮರೆಮಾಡುವ ತಾರೆಗಳು ಬಹುಪಾಲು ತುಂಬಾ ಮಸುಕು, ಹಾಗಾಗಿ ಮೊದಲು ಮಂಗಳ–ಗುರು ನಡುವಿನ ಕ್ಷುದ್ರಗ್ರಹಗಳ ಮೇಲೆ ಕೈ ಪಳಗಿಸಿ.

ತಾರೆ ಮರೆಯಾಗಲೇ ಇಲ್ಲ ಅಂತ ಬೇಸರದಿಂದ ಫೈಲ್ ಅಳಿಸಬೇಡಿ. ನೆರಳಿನ ಅಂಚು ಎಲ್ಲಿ ಮುಗಿಯಿತು ಅಂತ ತಿಳಿಸುವುದೇ ಆ ಫೈಲ್. ನಿಮ್ಮ ಜಾಗದ ಅಕ್ಷಾಂಶ, ರೇಖಾಂಶ, ದಾಖಲೆ ಶುರುವಾದ ಮತ್ತು ಮುಗಿದ ಸಮಯ, ನಡುವೆ ಮೋಡ ಬಂದಿದ್ದರೆ ಅದರ ಹೊತ್ತು, ಇಷ್ಟನ್ನೂ ಸೇರಿಸಿ, ಎಲ್ಲರ ಗೆರೆ ಕೂಡಿಸಿ ಲೆಕ್ಕ ಹಾಕುವವರಿಗೆ ಕಳಿಸಿ.