ಪ್ಲಗ್ ಕಿವಿಯೊಳಗೆ ಕೂರಬೇಕು

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಪ್ರೆಸ್ ಶಾಪುಗಳಲ್ಲಿ (ಲೋಹದ ತಗಡು ಒತ್ತುವ ಕಾರ್ಖಾನೆಗಳಲ್ಲಿ) ಇಯರ್ ಪ್ಲಗ್ ಹಾಕದವರಿಗಿಂತ ಅರ್ಧ ಹಾಕಿದವರದೇ ನನಗೆ ಹೆಚ್ಚು ಚಿಂತೆ. ಎದುರಿಗೆ ನಿಂತರೆ ಎರಡೂ ಕಿವಿಯಲ್ಲಿ ಹಳದಿ ಬಿರಡೆ ಎದ್ದು ಕಾಣುತ್ತದೆ. ಸೂಪರ್‌ವೈಸರ್ ಕಣ್ಣಿಗೆ ಅಷ್ಟು ಸಾಕು, ಕಿವಿಗೆ ಸಾಲದು.

ಫೋಮ್ ಪ್ಲಗ್ಗನ್ನು ಹಾಗೇ ಒತ್ತಿ ತೂರಿಸಬೇಡಿ. ಮೊದಲು ಕೈಯ ಎಣ್ಣೆ, ಗ್ರೀಸ್ ತೊಳೆಯಿರಿ. ಊದುಬತ್ತಿ ಹೊಸೆದ ಹಾಗೆ ಬೆರಳ ನಡುವೆ ಸುಕ್ಕಿಲ್ಲದಂತೆ ಹೊಸೆದು ಸಣ್ಣಗೆ ಮಾಡಿ. ಬಲಗಿವಿಗಾದರೆ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಕಿವಿಯ ನಾಳ ಸೊಟ್ಟಗಿರುತ್ತದೆ, ಎಳೆದರೆ ನೆಟ್ಟಗಾಗುತ್ತದೆ. ಎಷ್ಟು ಸಲ ಹೇಳಿದರೂ ಬಿಟ್ಟುಹೋಗುವುದು ಇದೇ. ತೂರಿಸಿದ ಮೇಲೆ ಬೆರಳಿಂದ ಒತ್ತಿಹಿಡಿದು ನಿಧಾನವಾಗಿ 30 ಎಣಿಸಿ; ಬೇಗ ಬಿಟ್ಟರೆ ಫೋಮ್ ಉಬ್ಬುತ್ತಾ ಹೊರಗೆ ಜಾರುತ್ತದೆ. ಸರಿಯಾಗಿ ಕೂತರೆ ನಿಮ್ಮ ದನಿ ನಿಮಗೇ ಗಡಿಗೆಯೊಳಗಿಂದ ಬಂದಂತಿರುತ್ತದೆ. ಈಗ ಅಂಗೈಗಳಿಂದ ಕಿವಿ ಮುಚ್ಚಿ ನೋಡಿ. ಮಶೀನಿನ ಸದ್ದು ಇನ್ನೂ ಬಹಳ ಇಳಿದರೆ ಪ್ಲಗ್ ಕೂತಿಲ್ಲ, ತೆಗೆದು ಮತ್ತೆ ಹಾಕಿ.

‘ಅರ್ಧ ಗಂಟೆ ತೆಗೆದಿದ್ದೆ ಅಷ್ಟೇ ಸಾರ್’ ಅನ್ನುತ್ತಾರೆ. ಶಬ್ದವನ್ನು 30 ಡೆಸಿಬೆಲ್ (ಸದ್ದಿನ ಅಳತೆ) ತಗ್ಗಿಸುವ ಪ್ಲಗ್ಗನ್ನು 8 ಗಂಟೆಯ ಶಿಫ್ಟಿನಲ್ಲಿ 30 ನಿಮಿಷ ತೆಗೆದರೆ ಒಟ್ಟು ಸಿಗುವ ರಕ್ಷಣೆ ಸುಮಾರು 12 ಡೆಸಿಬೆಲ್‌ಗೆ ಇಳಿಯುತ್ತದೆ. ಡೆಸಿಬೆಲ್ ಲೆಕ್ಕ ರೂಪಾಯಿ ಲೆಕ್ಕದಂತಲ್ಲ; 3 ಏರಿದರೆ ಶಬ್ದದ ಶಕ್ತಿ ಎರಡರಷ್ಟಾಗುತ್ತದೆ.

‘ಕಿವಿಗೆ ಒಗ್ಗಿಹೋಗಿದೆ’ ಅನ್ನುವವರೇ ಮೊದಲು ಪರೀಕ್ಷೆಗೆ ಬರಬೇಕು. ಒಳಗಿವಿಯ ಸೂಕ್ಷ್ಮ ಕೂದಲಿನ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು 4,000 ಹರ್ಟ್ಸ್ ಆಸುಪಾಸಿನ, ಅಂದರೆ ಕೀರಲು ದನಿಗೆ. ದಪ್ಪ ದನಿಗಳೆಲ್ಲ ಕೇಳುತ್ತವೆ, ಸ, ಶ, ತ ಜಾರಿಹೋಗುತ್ತವೆ. ಮನೆಯವರು ‘ಸಾರು ಹಾಕ್ಲಾ’ ಅಂದದ್ದು ‘ಆರು ಹಾಕ್ಲಾ’ ಅಂತ ಕೇಳಿಸುತ್ತದೆ. ನಿಮಗಿಂತ ಮುಂಚೆ ಇದು ಹೆಂಡತಿ ಮಕ್ಕಳಿಗೆ ಗೊತ್ತಾಗುತ್ತದೆ. ಅವರು ಹೇಳಿದರೆ ರೇಗಬೇಡಿ.

ಕಿವಿ ಸೋರುತ್ತಿದ್ದರೆ, ನೋವಿದ್ದರೆ ಪ್ಲಗ್ ಬೇಡ. ಕಿವಿಯನ್ನು ಹೊರಗಿನಿಂದ ಮುಚ್ಚುವ ಇಯರ್ ಮಫ್ ಕೇಳಿ, ವೈದ್ಯರಿಗೆ ತೋರಿಸಿ. ಶಬ್ದದಿಂದ ಬರುವ ಕಿವುಡು 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲೇ (ಸರ್ಕಾರಕ್ಕೆ ತಿಳಿಸಬೇಕಾದ ರೋಗಗಳ ಪಟ್ಟಿ) ಇತ್ತು, 2025ರಲ್ಲಿ ಅದರ ಜಾಗಕ್ಕೆ ಬಂದ ಸಂಹಿತೆಯಲ್ಲೂ ಇದೆ, ಹಾಗಾಗಿ ಪರೀಕ್ಷೆ ಕೇಳಲು ಹಿಂಜರಿಯಬೇಡಿ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ ಮಾಡುತ್ತಾರೆ. ಕನಿಷ್ಠ 14 ಗಂಟೆ ಗದ್ದಲದಿಂದ ದೂರವಿದ್ದು ಹೋಗಿ. ಭಾನುವಾರ ರಜೆಯಾದರೆ ಸೋಮವಾರ ಬೆಳಿಗ್ಗೆ, ಶಿಫ್ಟಿಗೆ ಮುಂಚೆ ಒಳ್ಳೆಯದು. ಹಿಂದಿನ ರಾತ್ರಿ ಜಾತ್ರೆಯ ಮೈಕ್ ಪಕ್ಕ ನಿಂತಿದ್ದರೆ ಅದನ್ನೂ ಹೇಳಿ, ಬೇರೆ ದಿನ ಕೊಡುತ್ತಾರೆ.