ಕ್ಲಿಯರೆನ್ಸ್: ಎಂಜಿನ್ ಒಳಗಿನ ಸಂದು, ಅದನ್ನು ನೋಡೋಕೆ ಮನೆ ಸಾಮಾನು

ಎಂಜಿನ್ ಒಳಗೆ ಅಕ್ಕಪಕ್ಕದಲ್ಲಿ ಓಡಾಡುವ ಎರಡು ಭಾಗಗಳ ನಡುವೆ ಬೇಕೆಂದೇ ಬಿಟ್ಟಿರುವ ಜಾಗಕ್ಕೆ ಕ್ಲಿಯರೆನ್ಸ್ ಅಂತಾರೆ. ಮೈಸೂರು, ಮಂಡ್ಯದ ಶೆಡ್‌ಗಳಲ್ಲಿ ಜಾಸ್ತಿ ಕಿವಿಗೆ ಬೀಳೋದು ‘ಗ್ಯಾಪ್’. ಸವೆದು ಆ ಜಾಗ ಹೆಚ್ಚಾದರೆ ‘ಪ್ಲೇ ಬಂದಿದೆ’ ಅಂತಾರೆ. ಅಳತೆ ಹೇಳುವಾಗ ಹಳಬರು ಇವತ್ತಿಗೂ ಥೌ ಲೆಕ್ಕದಲ್ಲೇ ಮಾತಾಡೋದು. ಒಂದು ಥೌ ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ಒಂದು ಪಾಲು, ಅಂದರೆ 0.0254 ಮಿ.ಮೀ.

ಜಾಗ ಯಾಕೆ ಬಿಡಬೇಕು? ಒಂದು, ಎಣ್ಣೆ ನಿಲ್ಲೋಕೆ. ಇನ್ನೊಂದು, ಕಬ್ಬಿಣವಾಗಲಿ ಅಲ್ಯೂಮಿನಿಯಂ ಆಗಲಿ ಬಿಸಿಯಾದರೆ ಹಿಗ್ಗುತ್ತದೆ. ನಮ್ಮೂರಿನ ಎಂಜಿನ್ನನ್ನೇ ತಗೊಳ್ಳೋಣ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ಮಾಡಿತು. ಅವುಗಳ 250 ಸಿಸಿ ಎಂಜಿನ್ನಿನ ಬೋರು, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡೋ ದುಂಡನೆ ತೂತು, 65 ಮಿ.ಮೀ ಅಗಲ. ಪಿಸ್ಟನ್ ಅಲ್ಯೂಮಿನಿಯಂದು, ಬೋರು ಇರೋ ಬ್ಲಾಕು ಎರಕದ ಕಬ್ಬಿಣದ್ದು. ಎರಡೂ 100 ಡಿಗ್ರಿ ಬಿಸಿ ಏರಿದವು ಅಂದುಕೊಳ್ಳಿ. ಪಿಸ್ಟನ್ ಸುಮಾರು 0.15 ಮಿ.ಮೀ ಹಿಗ್ಗುತ್ತದೆ, ಬೋರು ಹಿಗ್ಗೋದು 0.07ರಷ್ಟು ಮಾತ್ರ. ಸಾಲದ್ದಕ್ಕೆ ಓಡುವಾಗ ಪಿಸ್ಟನ್ನಿನ ಬಿಸಿ ಬ್ಲಾಕಿಗಿಂತ ಹೆಚ್ಚು. ತಣ್ಣಗಿದ್ದಾಗ ಇದ್ದ ಜಾಗವನ್ನು ಬಿಸಿ ತಿಂದುಹಾಕುತ್ತದೆ. ಹೊಸದಾಗಿ ಬೋರ್ ಮಾಡಿಸಿದ (ಸವೆದ ಬೋರನ್ನು ಕೊರೆದು ಅಗಲ ಮಾಡಿಸಿದ) ಗಾಡಿ ಚಾಮುಂಡಿ ಬೆಟ್ಟ ಹತ್ತುವಾಗ ದಡಕ್ಕನೆ ಸೀಜ್ ಆಗೋದಕ್ಕೆ, ಅಂದರೆ ಪಿಸ್ಟನ್ ಬೋರಿಗೆ ಕಚ್ಚಿಕೊಂಡು ನಿಲ್ಲೋದಕ್ಕೆ, ಎಷ್ಟೋ ಸಲ ಇದೇ ಕಾರಣ. ಜಾಗ ಜಾಸ್ತಿಯಾದರೆ ಬೇರೆ ತೊಂದರೆ: ಪಿಸ್ಟನ್ ಆ ಕಡೆ ಈ ಕಡೆ ಬಡಿಯುತ್ತದೆ, ಕಂಪ್ರೆಷನ್, ಅಂದರೆ ಒಳಗೆ ಅದುಮಿದ ಗಾಳಿಯ ಒತ್ತಡ, ಸೋರುತ್ತದೆ.

ಈ ಜಾಗ ಅಳೆಯೋಕೆ ಫೀಲರ್ ಗೇಜ್ (ದಪ್ಪ ಬರೆದಿರೋ ತೆಳು ಲೋಹದ ಎಲೆಗಳ ಕಟ್ಟು), ಮೈಕ್ರೋಮೀಟರ್, ಬೋರ್ ಗೇಜ್ ಅಂತ ಸಾಧನಗಳಿವೆ. ಅವಿಲ್ಲದ ಕಡೆ ಜನ ಶೇವಿಂಗ್ ಬ್ಲೇಡು, ಸೋಲ್ಡರ್ ವೈರು, ಮಕ್ಕಳ ಕ್ಲೇ, ಅಡುಗೆಮನೆಯ ಫಾಯಿಲ್, ಮದುವೆ ಕಾರ್ಡಿನ ತುಂಡು ಬಳಸುತ್ತಾರೆ. ಇದು ನಾಚಿಕೊಳ್ಳೋ ವಿಷಯವೇ ಅಲ್ಲ. ಇದರಲ್ಲಿ ಕೆಲವು ದೊಡ್ಡ ದೊಡ್ಡ ವರ್ಕ್‌ಶಾಪುಗಳಲ್ಲೂ ನಡೆಯುವ ಪದ್ಧತಿ. ಆದರೆ ಒಂದು ತಿಳಿದಿರಬೇಕು. ಈ ಸಾಮಾನುಗಳು ತಾವಾಗಿ ಅಳತೆ ಹೇಳೋದಿಲ್ಲ. ಒಂದೋ ಅವು ಜಾಗದ ಅಚ್ಚು ತೆಗೆದುಕೊಡುತ್ತವೆ, ಇಲ್ಲವೇ ‘ಹೋಯ್ತು’, ‘ಹೋಗಲಿಲ್ಲ’ ಅಂತ ಎರಡರಲ್ಲಿ ಒಂದು ಉತ್ತರ ಕೊಡುತ್ತವೆ. ಅಚ್ಚನ್ನಾಗಲಿ ತೂರಿಸಿದ ತುಂಡನ್ನಾಗಲಿ ಅಳೆಯೋ ಕೆಲಸ ನಮ್ಮದು. ಮಂಡ್ಯದ ಕಡೆ ಶೆಡ್ಡಿನಲ್ಲಿ ಕೆಲಸ ಕಲಿಯೋ ಹುಡುಗನಿಗೆ ಹಿರಿಯ ಮೆಕ್ಯಾನಿಕ್ ಹೇಳೋ ಮಾತು ಹೀಗಿರುತ್ತೆ: “ಸಿಕ್ಕಿದ್ದೆಲ್ಲ ತುರುಕಬ್ಯಾಡ ಕಣ್ಲಾ ಮಗ. ಮೊದ್ಲು ಅದು ಎಷ್ಟು ದಪ್ಪ ನೋಡು.”

ಹಾಗಾಗಿ ಮೊದಲ ಕೆಲಸ ದಪ್ಪ ತಿಳಿಯೋದು. ವರ್ನಿಯರ್ ಒಂದಿದ್ದರೆ ಸಾಕು. ಒಂದು ಹಾಳೆ ಅಳೆಯೋಕೆ ಹೋದರೆ ವರ್ನಿಯರ್ ಮೋಸ ಮಾಡಬಹುದು. ಹತ್ತು ಹಾಳೆ ಒತ್ತಿ ಹಿಡಿದು ಅಳೆದು, ಬಂದದ್ದನ್ನು ಹತ್ತರಿಂದ ಭಾಗಿಸಿ. ಝೆರಾಕ್ಸ್ ಅಂಗಡಿಯ 80 ಜಿಎಸ್‌ಎಂ ಹಾಳೆ ಸುಮಾರು 0.1 ಮಿ.ಮೀ. ಎರಡು ಕಡೆ ಹರಿತ ಇರೋ ಶೇವಿಂಗ್ ಬ್ಲೇಡೂ ಸುಮಾರು 0.1. ಎಟಿಎಂ ಕಾರ್ಡು 0.76, ಅದು ಜಗತ್ತಿನಾದ್ಯಂತ ಒಂದೇ ಅಳತೆ. ಕೈ ಹ್ಯಾಕ್‌ಸಾ ಬ್ಲೇಡು 0.65ರ ಆಸುಪಾಸು, ಆದರೆ ಹಲ್ಲುಗಳು ಅಕ್ಕಪಕ್ಕ ಬಾಗಿರುತ್ತವೆ. ಆದ್ದರಿಂದ ಬೆನ್ನಿನ ಕಡೆಯನ್ನೇ ತೂರಿಸಬೇಕು.

ಈ ಪೈಕಿ ನನಗೆ ಬಲು ಇಷ್ಟವಾದದ್ದು ಬ್ಲೇಡು. ಪಿಸ್ಟನ್ ಸುತ್ತ ಕೂರೋ ರಿಂಗಿನ ಬಾಯಿ, ಅಂದರೆ ಅದರ ಎರಡು ತುದಿಗಳ ನಡುವಿನ ಸಂದು, ಎಷ್ಟು ತೆರೆದಿದೆ ಅಂತ ನೋಡೋಕೆ ಇದು ಚೆನ್ನಾಗಿ ಆಗುತ್ತೆ. ರಿಂಗನ್ನು ಬೋರಿನೊಳಗೆ ಇಟ್ಟು, ಪಿಸ್ಟನ್ನನ್ನೇ ತಲೆಕೆಳಗು ಮಾಡಿ ಮೆಲ್ಲಗೆ ತಳ್ಳಬೇಕು. ಆಗ ರಿಂಗು ಸೊಟ್ಟಗಾಗದೆ ನೇರ ಕೂರುತ್ತದೆ. ಬೋರಿನ ಪ್ರತಿ 25 ಮಿ.ಮೀಗೆ 0.1 ಮಿ.ಮೀ ಬಾಯಿ ಅನ್ನೋದು ಹಳೇ ಲೆಕ್ಕ. 65ರ ಬೋರಿಗೆ 0.26 ಬರುತ್ತದೆ. ಬ್ಲೇಡಿನ ಎರಡು ಉದ್ದದ ಅಂಚು ಹರಿತ, ಎರಡು ತುದಿ ಮೊಂಡು. ಹರಿತದ ಕಡೆ ತೆಳ್ಳಗಾಗಿರೋದರಿಂದ ಅದರಲ್ಲಿ ಅಳತೆ ಬರೋದಿಲ್ಲ. ಹರಿತಕ್ಕೆ ಟೇಪ್ ಸುತ್ತಿ, ಮೊಂಡು ತುದಿಯನ್ನು ರಿಂಗಿನ ಬಾಯಿಗೆ ತೂರಿಸಿ. ಎರಡು ಬ್ಲೇಡು ಒಟ್ಟಿಗೆ ಹೋಗಿ ಮೂರು ಹೋಗದಿದ್ದರೆ ಜಾಗ 0.2ಕ್ಕೂ 0.3ಕ್ಕೂ ನಡುವೆ ಇದೆ. ಎರಡು ಬ್ಲೇಡು ಒಟ್ಟಿಗೆ ಹೋಗದಿದ್ದರೆ ಎಂಜಿನ್ ಬಿಸಿಯಾದಾಗ ರಿಂಗಿನ ತುದಿಗಳು ಒಂದಕ್ಕೊಂದು ಒತ್ತಿಕೊಂಡು ರಿಂಗು ಮುರಿಯಬಹುದು. ಅದೇ ಬೋರನ್ನೂ ಗೀರುತ್ತದೆ. ಮ್ಯಾನುಯಲ್ ಸಿಕ್ಕರೆ ಅದರ ಸಂಖ್ಯೆಯೇ ಕೊನೆ ಮಾತು.

ಇದೇ ಬ್ಲೇಡಿನಿಂದ ಇನ್ನೂ ಒಂದು ತಿಳಿಯಬಹುದು. ಬೋರಿನ ತಳದಲ್ಲಿ, ಪಿಸ್ಟನ್ ರಿಂಗು ಉಜ್ಜದ ಕಡೆ, ಒಮ್ಮೆ ಬಾಯಿ ನೋಡಿ. ಆಮೇಲೆ ಅದೇ ರಿಂಗನ್ನು ಮೇಲ್ಗಡೆ, ಹೆಚ್ಚು ಸವೆಯೋ ಜಾಗದಲ್ಲಿ ಇಟ್ಟು ನೋಡಿ. ಮೇಲೆ ಬಾಯಿ 0.3 ಮಿ.ಮೀ ಜಾಸ್ತಿ ಬಂತು ಅನ್ನಿ. ಅದನ್ನು 3.14ರಿಂದ ಭಾಗಿಸಿದರೆ ಸುಮಾರು 0.1. ಅಂದರೆ ಬೋರಿನ ಅಗಲ ಮೇಲ್ಗಡೆ ಅಷ್ಟು ಹೆಚ್ಚಾಗಿದೆ. ಸುತ್ತಳತೆ ಹೆಚ್ಚಿದ್ದು ಪೂರ್ತಿ ರಿಂಗಿನ ಬಾಯಲ್ಲೇ ಕಾಣೋದರಿಂದ ಸಣ್ಣ ಸವೆತವೂ ಮೂರು ಪಟ್ಟಾಗಿ ಕಾಣಿಸುತ್ತದೆ. ಬೋರ್ ಗೇಜ್ ಇಲ್ಲದೆ ಬೋರಿನ ಸವೆತ ಗೊತ್ತಾಯ್ತು ಅಲ್ವಾ! ಬೋರ್ ಮಾಡಿಸಬೇಕೋ ಬೇಡವೋ ಅಂತ ಲೇಥ್ ಅಂಗಡಿಗೆ ಹೋಗೋ ಮುಂಚೆಯೇ ಒಂದು ಅಂದಾಜು ಸಿಗುತ್ತದೆ.

ಇನ್ನು ಸೋಲ್ಡರ್ ವೈರು. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆಗೂ ಬೋರನ್ನು ಮೇಲಿಂದ ಮುಚ್ಚೋ ಹೆಡ್ಡಿಗೂ ನಡುವೆ ಉಳಿಯೋ ಜಾಗ ನೋಡೋಕೆ ಇದು. ಎರಡು ಸ್ಟ್ರೋಕಿನ ಬೈಕಿನವರು ಸ್ಕ್ವಿಷ್ ಅಂತಾರೆ, ಡೀಸೆಲ್ ಎಂಜಿನ್ನಿನವರು ಬಂಪಿಂಗ್ ಕ್ಲಿಯರೆನ್ಸ್ ಅಂತಾರೆ. ಮಂಡ್ಯದ ಆಲೆಮನೆಗಳಲ್ಲಿ ಕಬ್ಬಿನ ಗಾಣ ತಿರುಗಿಸೋ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ ಇರಲಿ, ಹಡಗಿನ ಎಂಜಿನ್ ಇರಲಿ, ಮೆತ್ತಗಿನ ಸೀಸದ ತಂತಿ ಇಟ್ಟು ಅದುಮಿಸಿ ನೋಡೋ ಪದ್ಧತಿ ಒಂದೇ. ಸೀಸ ಬೆರೆತ ಸೋಲ್ಡರ್ ಯಾಕೆ ಅಂದರೆ, ಅದು ಅದುಮಿದ ಮೇಲೆ ಹಾಗೇ ಉಳಿಯುತ್ತದೆ, ವಾಪಸ್ ಉಬ್ಬೋದಿಲ್ಲ. ಪಿಸ್ಟನ್ನನ್ನು ಗೀರುವಷ್ಟು ಗಟ್ಟಿಯೂ ಅಲ್ಲ.

ತಂತಿ ಎಷ್ಟು ದಪ್ಪ ಇರಬೇಕು ಅನ್ನೋದೇ ಇಲ್ಲಿನ ಮುಖ್ಯ ಪ್ರಶ್ನೆ. ಇರೋ ಜಾಗಕ್ಕಿಂತ ಸ್ವಲ್ಪ ದಪ್ಪ ಇರಬೇಕು. 1 ಮಿ.ಮೀ ಜಾಗ ಇರಬಹುದು ಅನ್ನೋ ಕಡೆ ಒಂದೂವರೆ ಮಿ.ಮೀ ತಂತಿ ಸಾಕು. ಎಲೆಕ್ಟ್ರಾನಿಕ್ ಅಂಗಡಿಯಲ್ಲಿ 18 ಗೇಜ್ ಅಂತ ಕೇಳಿದರೆ 1.2 ಮಿ.ಮೀ, 16 ಗೇಜ್ ಅಂದರೆ 1.6 ಮಿ.ಮೀ ಸಿಗುತ್ತದೆ. ಮೊಬೈಲ್ ರಿಪೇರಿಯವರ ಸಣ್ಣ ತಂತಿ ಇಟ್ಟರೆ ಅದು ಅದುಮಿಕೊಳ್ಳೋದೇ ಇಲ್ಲ. ಬಲು ದಪ್ಪದ್ದು ಇಟ್ಟರೆ ಪಿಸ್ಟನ್ನನ್ನು ಮೇಲೆ ಕೆಳಗೆ ಮಾಡೋ ಕ್ರ್ಯಾಂಕ್ ಬಿಗಿಯಾಗಿ ಹಿಡಿಯುತ್ತದೆ, ಬಲವಂತ ಮಾಡಿದರೆ ಬೇರಿಂಗಿಗೆ ಪೆಟ್ಟು.

ಹೆಡ್ ಬಿಚ್ಚಿದ್ದರೆ ಪಿಸ್ಟನ್ ತಲೆಯ ಮೇಲೆ ಎರಡು ತುಂಡು ತಂತಿ ಗ್ರೀಸಿನಿಂದ ಅಂಟಿಸಿ. ಗಜನ್ ಪಿನ್ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸೋ ಪಿನ್) ಯಾವ ದಿಕ್ಕಿಗಿದೆಯೋ ಅದೇ ದಿಕ್ಕಿನಲ್ಲಿ ಒಂದು ಎಡಕ್ಕೆ, ಒಂದು ಬಲಕ್ಕೆ, ತುದಿ ಬೋರಿನ ಗೋಡೆ ಮುಟ್ಟೋ ಹಾಗೆ. ಬೇರೆ ದಿಕ್ಕಿನಲ್ಲಿ ಇಟ್ಟರೆ ಪಿಸ್ಟನ್ ಪಿನ್ನಿನ ಮೇಲೆ ಓಲಾಡುತ್ತದೆ. ಒಂದು ಕಡೆ ತಗ್ಗಿ ಇನ್ನೊಂದು ಕಡೆ ಎದ್ದು ತಪ್ಪು ಅಳತೆ ಬರುತ್ತದೆ. ಹೆಡ್ಡನ್ನು ಪ್ಯಾಕಿಂಗ್ (ಗ್ಯಾಸ್ಕೆಟ್) ಸಮೇತ ಪೂರ್ತಿ ಬಿಗಿ ಮಾಡಿ, ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ನಿಧಾನವಾಗಿ ಟಿಡಿಸಿ, ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬರೋ ಜಾಗ, ದಾಟಿಸಿ. ಕಿಕ್ ಹೊಡೆಯಬೇಡಿ, ಸೆಲ್ಫ್ ಅಂತೂ ಬೇಡವೇ ಬೇಡ. ಬಿಚ್ಚಿದಾಗ ತಂತಿಯ ತುದಿ ಚಪ್ಪಟೆಯಾಗಿ ಫಳಫಳ ಹೊಳೆಯುತ್ತಿರುತ್ತದೆ. ಅದರ ಬಲು ತೆಳ್ಳಗಿನ ಜಾಗವನ್ನು ಅಳೆಯಿರಿ. ಎರಡು ಕಡೆಯ ಸರಾಸರಿಯೇ ನಿಮ್ಮ ಜಾಗ. ಕಮ್ಮಿ ಬಂದರೆ ಪ್ಯಾಕಿಂಗ್ ದಪ್ಪ ಮಾಡಬೇಕು, ಜಾಸ್ತಿ ಬಂದರೆ ತೆಳು ಮಾಡಬೇಕು. ಆಮೇಲೆ ಕೈ ಸೋಪಿನಲ್ಲಿ ತೊಳೆದೇ ಊಟಕ್ಕೆ ಕೂರಬೇಕು, ಸೀಸ ವಿಷ.

ಕ್ಲೇ ಬೇಕಾಗೋದು ವಾಲ್ವ್ ಇರೋ ನಾಲ್ಕು ಸ್ಟ್ರೋಕ್ ಎಂಜಿನ್ನಿಗೆ. ಹಳೇ ಜಾವಾ ಎರಡು ಸ್ಟ್ರೋಕಿನದು, ಅದರಲ್ಲಿ ವಾಲ್ವೇ ಇಲ್ಲ, ಅದಕ್ಕೆ ಈ ಪರೀಕ್ಷೆ ಇಲ್ಲ. ಹೆಡ್ ಫೇಸಿಂಗ್ (ಹೆಡ್ಡಿನ ಮುಖ ತರಿದು ಮಟ್ಟ) ಮಾಡಿಸಿದಾಗ, ತೆಳು ಪ್ಯಾಕಿಂಗ್ ಹಾಕಿದಾಗ, ವಾಲ್ವ್ ತೆರೆಯೋ ಕ್ಯಾಮ್ ಬೇರೆಯದು ಕೂರಿಸಿದಾಗ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಜಾಗ ಕಮ್ಮಿಯಾಗುತ್ತದೆ. ಓಡುವಾಗ ಮುಟ್ಟಿದರೆ ವಾಲ್ವ್ ಬಾಗುತ್ತದೆ, ಪಿಸ್ಟನ್ ತೂತಾಗುತ್ತದೆ. ಪಿಸ್ಟನ್ ತಲೆಯ ಮೇಲೆ ಕ್ಲೇ ಹಚ್ಚಿ, ವಾಲ್ವಿನ ಮುಖಕ್ಕೆ ಎಣ್ಣೆ ಸವರಿ, ಹಳೇ ಪ್ಯಾಕಿಂಗ್ ಹಾಕಿ ಹೆಡ್ ಬಿಗಿ ಮಾಡಿ, ಟ್ಯಾಪೆಟ್ (ವಾಲ್ವನ್ನು ಒತ್ತೋ ಭಾಗ) ಸಂದು ಸರಿ ಮಾಡಿ, ಕ್ರ್ಯಾಂಕನ್ನು ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ನಾಲ್ಕು ಸ್ಟ್ರೋಕಿನಲ್ಲಿ ಒಂದು ಚಕ್ರ ಮುಗಿಯೋಕೆ ಎರಡು ಸುತ್ತು ಬೇಕು, ಒಂದೇ ಸುತ್ತಿಗೆ ನಿಲ್ಲಿಸಿದರೆ ಅರ್ಧ ಕಥೆ ಮಾತ್ರ ಗೊತ್ತಾಗುತ್ತದೆ. ನಡುವೆ ಎಲ್ಲಾದರೂ ಕಲ್ಲಿನಂತೆ ಗಟ್ಟಿ ತಡೆ ಸಿಕ್ಕರೆ ಅಲ್ಲೇ ನಿಲ್ಲಿಸಿ.

ಹೆಡ್ ಎತ್ತಿದರೆ ಕ್ಲೇ ಮೇಲೆ ವಾಲ್ವಿನ ಅಚ್ಚು ಸ್ಪಷ್ಟವಾಗಿ ಬಿದ್ದಿರುತ್ತದೆ. ಆ ಅಚ್ಚನ್ನು ಬ್ಲೇಡಿನಿಂದ ನಡುವೆ ಕೊಯ್ದು ಅಡ್ಡಕ್ಕೆ ನೋಡಿದರೆ ತೆಳ್ಳಗಿನ ಜಾಗ ಯಾವುದು ಅಂತ ಕಣ್ಣಿಗೇ ಕಾಣುತ್ತದೆ. ಅದು ಸಾಮಾನ್ಯವಾಗಿ ಅಚ್ಚಿನ ಒಂದು ಅಂಚಿನಲ್ಲಿರುತ್ತದೆ, ನಡುವೆ ಅಲ್ಲ. ಇನ್‌ಲೆಟ್ ಕಡೆ 2 ಮಿ.ಮೀ, ಎಕ್ಸಾಸ್ಟ್ ಕಡೆ ಎರಡೂವರೆ ಮಿ.ಮೀ ಇದ್ದರೆ ನಿಶ್ಚಿಂತೆ ಅನ್ನೋದು ಎಂಜಿನ್ ಕಟ್ಟುವವರ ಸಾಮಾನ್ಯ ಲೆಕ್ಕ. ಎಕ್ಸಾಸ್ಟಿಗೆ ಯಾಕೆ ಜಾಸ್ತಿ? ಆ ವಾಲ್ವ್ ಹೆಚ್ಚು ಬಿಸಿಯಾಗಿ ಉದ್ದವಾಗುತ್ತದೆ. ಮೇಲಾಗಿ ಅದು ಮುಚ್ಚಿಕೊಳ್ಳುತ್ತಾ ಹಿಂದೆ ಸರಿಯುವಾಗ ಪಿಸ್ಟನ್ ಅದರ ಬೆನ್ನು ಹತ್ತಿ ಮೇಲೆ ಬರುತ್ತದೆ. ಸ್ಪ್ರಿಂಗ್ ಸ್ವಲ್ಪ ಸೋತರೂ ಸಿಕ್ಕಿಹಾಕಿಕೊಳ್ಳುತ್ತದೆ.

ಕ್ಲೇ ಬದಲು ಚಪಾತಿ ಹಿಟ್ಟು ಆಗಲ್ವಾ ಅಂತ ಕೇಳುವವರಿದ್ದಾರೆ. ಬೇಡ. ನಾದಿದ ಗೋಧಿ ಹಿಟ್ಟಿಗೆ ಎಳೆತ ಇರುತ್ತದೆ. ಒತ್ತಿ ಬಿಟ್ಟರೆ ಸ್ವಲ್ಪ ವಾಪಸ್ ಬರುತ್ತದೆ. ಆಗ ಇರೋದಕ್ಕಿಂತ ಜಾಸ್ತಿ ಜಾಗ ಇದೆ ಅಂತ ಸುಳ್ಳು ಅಳತೆ ತೋರಿಸುತ್ತದೆ. ಆ ಸುಳ್ಳು ಅಪಾಯದ ಕಡೆಗೇ ಇದೆ ನೋಡಿ. ಗಣೇಶನ ಮೂರ್ತಿ ಮಾಡೋ ಜೇಡಿಮಣ್ಣೂ ಬೇಡ, ಅದರಲ್ಲಿ ಮರಳಿನ ಕಣ ಇರುತ್ತದೆ. ಬೋರಿಗೆ ಬಿದ್ದರೆ ಉಜ್ಜು ಕಾಗದ ಹಾಕಿದ ಹಾಗೇ. ಎಣ್ಣೆ ಪಸೆ ಇರೋ, ಒಣಗದ ಮಕ್ಕಳ ಕ್ಲೇಯೇ ಸರಿ.

ಕಾರು, ಜೀಪಿನ ಕ್ರ್ಯಾಂಕ್ ಬೇರಿಂಗಿಗೆ ಪ್ಲಾಸ್ಟಿಗೇಜ್ ಅಂತ ಸಣ್ಣ ಮೇಣದಂಥ ದಾರ ಸಿಗುತ್ತದೆ. ಹಸಿರು ದಾರ 0.025ರಿಂದ 0.076 ಮಿ.ಮೀವರೆಗೆ ಅಳೆಯುತ್ತದೆ. ಇಟ್ಟು ಬಿಗಿ ಮಾಡಿ ಬಿಚ್ಚಿದರೆ ಎಷ್ಟು ಅಗಲ ಹರಡಿದೆ ಅನ್ನೋದರ ಮೇಲೆ ಲೆಕ್ಕ. ಅದಿಲ್ಲದಿದ್ದರೆ ಅಡುಗೆಮನೆ ಫಾಯಿಲ್. ಅದು ಒಂದು ಪದರಕ್ಕೆ ನೂರನೇ ಒಂದು ಮಿ.ಮೀ ಅಥವಾ ಸ್ವಲ್ಪ ಜಾಸ್ತಿ. ನಾಲ್ಕು ಪದರ ಮಡಚಿ ಬೆರಳಿನಿಂದ ಒತ್ತಿ, ದಪ್ಪ ಅಳೆದು, ಕಿರಿದಾದ ಪಟ್ಟಿ ಮಾಡಿ ಬೇರಿಂಗಿನಲ್ಲಿ ಎಣ್ಣೆಯೊಂದಿಗೆ ಇಟ್ಟು ಬೋಲ್ಟ್ ಬಿಗಿ ಮಾಡಿ. ಕ್ರ್ಯಾಂಕನ್ನು ಒಂಚೂರು ಮಾತ್ರ ಅಲ್ಲಾಡಿಸಿ ನೋಡಿ. ಸಲೀಸಾಗಿ ಅಲ್ಲಾಡಿದರೆ ಜಾಗ ಪಟ್ಟಿಗಿಂತ ಜಾಸ್ತಿ ಇದೆ, ಹಿಡಿದರೆ ಅಷ್ಟೇ ಅಥವಾ ಕಮ್ಮಿ. ಸುತ್ತು ತಿರುಗಿಸಿದರೆ ಬೇರಿಂಗಿನ ಮೆತ್ತಗಿನ ಮೈಗೆ ಗೀರು ಬೀಳುತ್ತದೆ. ಗುಂಡಿನ ಬೇರಿಂಗಿಗೆ ಇದ್ಯಾವುದೂ ಅನ್ವಯಿಸೋಲ್ಲ.

ಜಾವಾ, ಯೆಜ್ಡಿಯ ಪಾಯಿಂಟ್ ಗ್ಯಾಪ್, ಅಂದರೆ ಪ್ಲಗ್ಗಿಗೆ ಕಿಡಿ ಕೊಡಿಸೋ ಕಾಂಟ್ಯಾಕ್ಟುಗಳು ತೆರೆದಾಗಿನ ಸಂದು, 0.4 ಮಿ.ಮೀ. ಗಟ್ಟಿ ವಿಸಿಟಿಂಗ್ ಕಾರ್ಡು, ಮದುವೆ ಕಾರ್ಡಿನ ತುಂಡು ಅದರ ಹತ್ತಿರ ಬರುತ್ತದೆ. ಅಳೆದು ಆರಿಸಿಕೊಳ್ಳಿ. ರಸ್ತೆಬದಿಯಲ್ಲಿ ಗಾಡಿ ನಿಂತಾಗ ಮನೆ ತಲುಪೋಕೆ ಇದು ಸಾಕು. ಆದರೆ ಕಾಗದದ ನಾರು ಪಾಯಿಂಟ್ ಮಧ್ಯೆ ಉಳಿದರೆ ಮಿಸ್ಸಿಂಗ್ (ಆಗಾಗ ಕಿಡಿ ತಪ್ಪೋದು) ಶುರುವಾಗುತ್ತದೆ. ಪಾಯಿಂಟ್ ಸುಟ್ಟು ಒಂದು ಕಡೆ ಗುಬುಟು, ಇನ್ನೊಂದು ಕಡೆ ಗುಳಿ ಆಗಿದ್ದರೆ ಕಾರ್ಡೂ ಫೀಲರ್ ಗೇಜೂ ಎರಡೂ ತಪ್ಪು ಹೇಳುತ್ತವೆ. ಮೊದಲು ಮಟ್ಟ ಮಾಡಿಕೊಳ್ಳಬೇಕು.

ಟ್ಯಾಪೆಟ್ಟಿಗೆ ಮಾತ್ರ ಮನೆ ಸಾಮಾನು ಬಳಸಬೇಡಿ. 100 ಸಿಸಿ ಬೈಕುಗಳಲ್ಲಿ ಆ ಜಾಗ ಸಾಮಾನ್ಯವಾಗಿ 0.05ರಿಂದ 0.1 ಮಿ.ಮೀ ಒಳಗೇ ಇರುತ್ತದೆ. ಅಲ್ಲಿ ಒಂದು ಬ್ಲೇಡು, ಒಂದು ಹಾಳೆ ತೂರಿಸಿ ಬಿಗಿ ಮಾಡಿದರೆ ಇರಬೇಕಾದದ್ದರ ಎರಡು ಪಟ್ಟು ಆಗಿಬಿಡಬಹುದು. ಟಕಟಕ ಸದ್ದು ಬಂದರೆ ಅದು ಸಣ್ಣ ತೊಂದರೆ. ಜಾಗ ಕಮ್ಮಿಯಾಗಿ ವಾಲ್ವ್ ಪೂರ್ತಿ ಮುಚ್ಚದೆ ಉಳಿದರೆ ಅದರ ಅಂಚು ಸುಡುತ್ತದೆ. ಫೀಲರ್ ಗೇಜ್ ಸೆಟ್ಟು ಬಿಡಿಭಾಗದ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಕೊಳ್ಳುವಾಗ 0.05ರ ಎಲೆ ಇದೆಯಾ, ಮಡಚಿ ಸುಕ್ಕಾಗಿಲ್ಲವಾ ಅಂತ ಬಿಡಿಸಿ ನೋಡಿ ತಗೊಳ್ಳಿ.