ಮಳೆಯಲ್ಲಿ ಕಾರು ಜಾರಿದ್ದು ಮೊದಲು ಕೈಗೆ ಗೊತ್ತಾಯ್ತಾ, ಸೊಂಟಕ್ಕಾ?

ಮುಂಗಾರು ಶುರುವಾದ ಕೂಡಲೇ ನಮ್ಮ ವರ್ಕ್‌ಶಾಪಿಗೆ ಒಂದೇ ಥರದ ಫೋನ್ ಬರಲು ಶುರುವಾಗುತ್ತದೆ. "ಸರ್, ಮಳೆಯಲ್ಲಿ ಕಾರು ಹೆದರಿಸುತ್ತಿದೆ, ಶಾಕ್ಸ್ ಬದಲಾಯಿಸಬೇಕಾ?" ನಾನು ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದಿಲ್ಲ. ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಕಾರು ಜಾರಿದ್ದು ಮೊದಲು ನಿಮ್ಮ ಕೈಗೆ ಗೊತ್ತಾಯ್ತಾ, ಸೊಂಟಕ್ಕೆ ಗೊತ್ತಾಯ್ತಾ?

ಸುಮ್ನೆ ಕೇಳುವ ಪ್ರಶ್ನೆ ಅಲ್ಲ ಇದು. ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರಾಗಿ, ತಿರುಗಿಸಿದರೂ ಕಾರು ನೇರ ಹೋದರೆ, ಹಿಡಿತ ತಪ್ಪಿದ್ದು ಮುಂದಿನ ಚಕ್ರ. ಸ್ಟೀರಿಂಗ್ ಸರಿಯಾಗೇ ಇದೆ, ಆದರೆ ಸೀಟಿನ ಕೆಳಗಿಂದ ಯಾರೋ ಕಾರನ್ನು ಪಕ್ಕಕ್ಕೆ ಎಳೆದ ಹಾಗಾಯಿತು ಅಂದರೆ ಅದು ಹಿಂದಿನ ಚಕ್ರ. ಆಮೇಲೆ ಇನ್ನೊಂದು ಪ್ರಶ್ನೆ: ಆ ಹೊತ್ತಿಗೆ ನಿಮ್ಮ ಕಾಲು ಎಲ್ಲಿತ್ತು? ಎಕ್ಸಲರೇಟರ್ ಒತ್ತುತ್ತಿದ್ದಿರಾ, ಬಿಟ್ಟಿದ್ದಿರಾ, ಬ್ರೇಕ್ ಮೇಲಿತ್ತಾ? ಈ ಎರಡು ಉತ್ತರ ಸರಿಯಾಗಿ ಸಿಕ್ಕರೆ ಎಲ್ಲಿ ಹುಡುಕಬೇಕು ಅನ್ನುವುದು ಮುಕ್ಕಾಲು ಪಾಲು ಗೊತ್ತಾದ ಹಾಗೆ.

ಕೆಲವು ಸಮಯದ ಹಿಂದೆ ನಮ್ಮಲ್ಲಿಗೆ ಬಂದ ಒಂದು ಕಾರಿನ ವಿಷಯ ಹೇಳುತ್ತೇನೆ. ಜರ್ಮನ್ ಸ್ಪೋರ್ಟ್ಸ್ ಕಾರು, ಎರಡೇ ಸೀಟು, ಎಂಜಿನ್ ಸೀಟಿನ ಬೆನ್ನ ಹಿಂದೆ, ಶಕ್ತಿಯೆಲ್ಲ ಹಿಂದಿನ ಚಕ್ರಕ್ಕೆ. ಮಾಲೀಕರು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು, ಚೆನ್ನಾಗಿ ನೋಡಿಕೊಳ್ಳುತ್ತಿದ್ದರು. ಒಣ ರಸ್ತೆಯಲ್ಲಿ ಯಾವ ತಕರಾರೂ ಇಲ್ಲ. ಆದರೆ ಮೈಸೂರು ಹೆದ್ದಾರಿಯಲ್ಲಿ ಮಳೆ ಬರುವಾಗ, 70-80 ವೇಗದಲ್ಲಿ, ಸಣ್ಣ ತಿರುವಿನಲ್ಲಿ ಎಕ್ಸಲರೇಟರ್ ಬಿಟ್ಟ ಕೂಡಲೇ ಕಾರು ಬಾಲ ಬೀಸುತ್ತಿತ್ತು. ಅದೂ ಜಾಸ್ತಿ ಬಲ ತಿರುವಿನಲ್ಲಿ. ಅವರು ಅಷ್ಟರಲ್ಲಿ ನಾಲ್ಕೂ ಶಾಕ್ ಅಬ್ಸಾರ್ಬರ್ ಬದಲಾಯಿಸಿದ್ದರು. ಮುಂದಿನ ಎರಡು ಟೈರ್ ಹೊಸದು ಹಾಕಿಸಿದ್ದರು. ಬೇರೆ ಬೇರೆ ಕಡೆ ಮೂರು ಸಲ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಅಳೆದು ಸರಿಹೊಂದಿಸುವ ಕೆಲಸ, ಮಾಡಿಸಿದ್ದರು. ಮೂರು ಸಲವೂ ಪ್ರಿಂಟ್‌ಔಟ್‌ನಲ್ಲಿ ಎಲ್ಲ ಹಸಿರು, ಅಂದರೆ ಎಲ್ಲ ಸರಿ. ಮನೆಯವರು ಆ ಕಾರಿನಲ್ಲಿ ಕೂರುವುದನ್ನೇ ಬಿಟ್ಟಿದ್ದರು. ನನಗೆ ಬೇಜಾರಾದದ್ದು ಅದಕ್ಕೆ.

ಮಳೆಯ ಯಾವ ದೂರಿಗಾದರೂ ನಾನು ಮೊದಲು ಮುಟ್ಟುವುದು ಟೈರು. ಲೆಕ್ಕ ನೋಡಿ. ಈ ಕಾರಿನ ಹಿಂದಿನ ಟೈರ್ 265 ಮಿ.ಮೀ. ಅಗಲ. ರಸ್ತೆ ಮೇಲೆ 3 ಮಿ.ಮೀ. ನೀರು ನಿಂತಿದೆ, ಕಾರು 80 ಕಿ.ಮೀ. ವೇಗದಲ್ಲಿದೆ ಅಂದುಕೊಳ್ಳಿ. ಆ ಒಂದು ಟೈರು ಒಂದೊಂದು ಸೆಕೆಂಡಿಗೂ 17 ಲೀಟರಿಗಿಂತ ಜಾಸ್ತಿ ನೀರನ್ನು ದಾರಿಯಿಂದ ಸರಿಸಬೇಕು. ಅಂದರೆ ತುಂಬಿದ ಒಂದು ಬಿಂದಿಗೆ, ಪ್ರತಿ ಸೆಕೆಂಡಿಗೆ. ಆ ನೀರು ಹೋಗುವುದಕ್ಕೆ ಟೈರಿನ ಮೇಲಿನ ಗೀರುಗಳೇ ಕಾಲುವೆ. ಕಾಲುವೆ ಆಳ ಕಡಿಮೆಯಾದರೆ ನೀರು ಟೈರಿನ ಮುಂದೆ ಕಟ್ಟಿಕೊಳ್ಳುತ್ತದೆ, ಟೈರು ಅದರ ಮೇಲೆ ಹತ್ತಿ ತೇಲುತ್ತದೆ. ಅಗಲ ಟೈರ್ ಅಂದರೆ ಹಿಡಿತ ಜಾಸ್ತಿ ಅನ್ನುವ ಮಾತು ಒಣ ರಸ್ತೆಗೆ ಸರಿ. ನಿಂತ ನೀರಿನಲ್ಲಿ ಅದೇ ಅಗಲ ನಮ್ಮ ವಿರುದ್ಧ ಕೆಲಸ ಮಾಡುತ್ತದೆ. ಜೊತೆಗೆ ಇಂಥ ಕಾರಿನಲ್ಲಿ ಹಿಂದಿನ ಟೈರು ಮುಂದಿನದಕ್ಕಿಂತ ಅಗಲ. ನೇರ ರಸ್ತೆಯಲ್ಲಿ ಮುಂದಿನ ಟೈರು ಹಿಂದಿನದಕ್ಕೆ ಸ್ವಲ್ಪ ನೀರು ಗುಡಿಸಿಕೊಡುತ್ತದೆ ನಿಜ, ಆದರೆ ಮಿಕ್ಕ ಅಂಚಿಗೆ ಯಾರೂ ಗುಡಿಸಿರುವುದಿಲ್ಲ.

ಗಾಳಿಯ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮಳೆಗಾಲದಲ್ಲಿ ಗಾಳಿ ಕಡಿಮೆ ಮಾಡಿದರೆ ಹಿಡಿತ ಸಿಗುತ್ತದೆ ಅಂತ ನಂಬಿದವರು ತುಂಬಾ ಜನ ಇದ್ದಾರೆ. 1963ರಲ್ಲಿ ನಾಸಾದವರು ವಿಮಾನದ ಟೈರುಗಳ ಮೇಲೆ ಪರೀಕ್ಷೆ ಮಾಡಿ ಒಂದು ಸೂತ್ರ ಕೊಟ್ಟರು. ಟೈರ್ ನೀರಿನ ಮೇಲೆ ತೇಲಲು ಶುರುವಾಗುವ ವೇಗ ಗಾಳಿಯ ಒತ್ತಡದ ವರ್ಗಮೂಲದ ಜೊತೆ ಏರುತ್ತದೆ, ಇಳಿಯುತ್ತದೆ ಅನ್ನುವುದು ಅದರ ಸಾರ. ಆ ಲೆಕ್ಕದಲ್ಲಿ ಗಾಳಿ 32 ಪಿಎಸ್‌ಐ (ಒತ್ತಡದ ಅಳತೆ) ಇದ್ದರೆ ಸುಮಾರು 94 ಕಿ.ಮೀ. ವೇಗಕ್ಕೆ ತೇಲುತ್ತದೆ, 24ಕ್ಕೆ ಇಳಿಸಿದರೆ ಸುಮಾರು 82ಕ್ಕೇ. ನೀರು ಆಳವಾಗಿದ್ದು ಟೈರ್ ಬೋಳಾಗಿರುವಾಗಿನ ಲೆಕ್ಕ ಇದು. ಟೈರಿನ ಗೀರು ಆಳವಾಗಿದ್ದರೆ ಇನ್ನಷ್ಟು ವೇಗದವರೆಗೆ ತಡೆಯುತ್ತದೆ. ಕಾರಿನ ಟೈರಿಗೆ ಅಂಕಿ ಹಾಗೆಹಾಗೇ ಕೂರುವುದಿಲ್ಲ, ಆದರೆ ದಿಕ್ಕು ಮಾತ್ರ ಅದೇ. ಗಾಳಿ ಇಳಿಸಬೇಡಿ. ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ ಎಷ್ಟಿದೆಯೋ ಅಷ್ಟು, ಬೆಳಿಗ್ಗೆ ಟೈರ್ ತಣ್ಣಗಿರುವಾಗ.

ಈ ಕಾರಿನ ಹಿಂದಿನ ಟೈರ್ ಹೊರಗಿಂದ ನೋಡಿದರೆ ಪರವಾಗಿಲ್ಲ ಅನಿಸುತ್ತಿತ್ತು. ಲಿಫ್ಟ್‌ಗೆ ಏರಿಸಿ ಒಳಗಡೆಯಿಂದ ಅಳೆದೆ. ಗೀರಿನ ಆಳ ನಡುವೆ 4 ಮಿ.ಮೀ., ಒಳ ಅಂಚಿನಲ್ಲಿ ಬರೀ 2. ಹೊಸ ಟೈರಿನಲ್ಲಿ ಸುಮಾರು 8 ಇರುತ್ತದೆ. 1.6ಕ್ಕೆ ಬಂದರೆ ಟೈರ್ ಮುಗಿದ ಹಾಗೆ, ಗೀರಿನ ತಳದಲ್ಲಿ ಇರುವ ಸಣ್ಣ ದಿಬ್ಬದ ಎತ್ತರವೂ ಅಷ್ಟೇ. ನಿಂತ ನೀರಿನಲ್ಲಿ ಓಡಿಸುವುದಾದರೆ ಮಾತ್ರ 3ಕ್ಕೇ ಬದಲಾಯಿಸಿ ಅನ್ನುವವನು ನಾನು. ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿ 2217. ಅಂದರೆ 2017ರ 22ನೇ ವಾರದಲ್ಲಿ ತಯಾರಾದದ್ದು. ಉಗುರು ಒತ್ತಿದರೆ ಇಳಿಯದಷ್ಟು ರಬ್ಬರ್ ಗಟ್ಟಿಯಾಗಿತ್ತು. ಮುಂದೆ ಹೊಸ ಟೈರು, ಹಿಂದೆ ಹಳೆಯದು. ಮಳೆಯಲ್ಲಿ ಇದಕ್ಕಿಂತ ಕೆಟ್ಟ ಜೋಡಿ ಇಲ್ಲ, ಏಕೆಂದರೆ ಮುಂಭಾಗ ಕಚ್ಚಿಕೊಂಡು ತಿರುಗುತ್ತದೆ, ಹಿಂಭಾಗ ಬಿಟ್ಟುಕೊಡುತ್ತದೆ. ಎಂಜಿನ್ ನಡುವೆ ಇರುವ ಕಾರು ಬುಗುರಿ ಇದ್ದ ಹಾಗೆ, ಭಾರವೆಲ್ಲ ಮಧ್ಯದಲ್ಲಿರುವುದರಿಂದ ಒಮ್ಮೆ ತಿರುಗಲು ಶುರುವಾದರೆ ಬೇಗ ತಿರುಗುತ್ತದೆ, ಸರಿಪಡಿಸಿಕೊಳ್ಳಲು ಸಮಯ ಕೊಡುವುದಿಲ್ಲ. ಎರಡೇ ಹೊಸ ಟೈರ್ ಕೊಳ್ಳುವ ದುಡ್ಡಿದ್ದರೆ ಅವು ಹಿಂದೆ ಹೋಗಬೇಕು. ಇಂಥ ಕಾರಿನಲ್ಲಿ ಮುಂದೆ ಹಿಂದೆ ಅಳತೆ ಬೇರೆ ಆದ್ದರಿಂದ ಅದಲು ಬದಲು ಮಾಡಲಾಗುವುದಿಲ್ಲ. ಹಾಗಾಗಿ ಹಿಂದಿನದನ್ನೇ ಮೊದಲು ಕೊಳ್ಳಿ.

ಹಿಂದಿನ ಟೈರ್ ಹೊಸದು ಹಾಕಿದೆವು. ಕಾರು ಅರ್ಧ ಸರಿಹೋಯಿತು. ನಿಜ ಹೇಳುತ್ತೇನೆ, ತುಂಬಾ ಕಡೆ ಕೆಲಸ ಇಲ್ಲಿಗೇ ನಿಲ್ಲುತ್ತದೆ, ನನಗೂ ನಿಲ್ಲಿಸಿಬಿಡೋಣ ಅನಿಸಿತ್ತು. ಆದರೆ ಒಳ ಅಂಚು ಅಷ್ಟು ಯಾಕೆ ಸವೆದಿತ್ತು? ಎಡಗಡೆಯದು ಬಲಗಡೆಗಿಂತ ಜಾಸ್ತಿ ಯಾಕೆ? ಅದಕ್ಕೆ ಉತ್ತರ ಸಿಕ್ಕಿರಲಿಲ್ಲ.

ಇಲ್ಲಿ ಟೋ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ಮೇಲಿಂದ ನೋಡಿದಾಗ ಎರಡು ಚಕ್ರಗಳ ಮುಂದಿನ ಅಂಚು ಒಂದಕ್ಕೊಂದು ಸ್ವಲ್ಪ ಒಳಮುಖವಾಗಿದ್ದರೆ ಟೋ-ಇನ್, ಹೊರಮುಖವಾಗಿದ್ದರೆ ಟೋ-ಔಟ್. ಹಿಂದಿನ ಚಕ್ರಕ್ಕೆ ಸ್ವಲ್ಪ ಟೋ-ಇನ್ ಇದ್ದರೆ ಕಾರು ನೆಟ್ಟಗೆ ನಿಲ್ಲುತ್ತದೆ. ಬಲ ತಿರುವಿನಲ್ಲಿ ಭಾರವೆಲ್ಲ ಎಡ ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಆ ಹೊತ್ತಿಗೆ ಅದೇ ಚಕ್ರ ಟೋ-ಔಟ್ ಆದರೆ, ಯಾರೋ ಹಿಂದೆ ಕೂತು ಇನ್ನೊಂದು ಸ್ಟೀರಿಂಗನ್ನು ತಪ್ಪು ಕಡೆಗೆ ತಿರುಗಿಸಿದ ಹಾಗೆ. ಇದು ದೊಡ್ಡ ದೊಡ್ಡ ಕಂಪನಿಗಳೂ ತಲೆ ಕೆಡಿಸಿಕೊಂಡ ವಿಷಯ. ಹೋಂಡಾ ತನ್ನ ಎಸ್2000 ಕಾರಿನಲ್ಲಿ 2004ರ ಮಾಡೆಲ್‌ಗೆ ಹಿಂದಿನ ಸಸ್ಪೆನ್ಷನ್ ತಿದ್ದಿ, ಚಕ್ರ ಮೇಲೆ ಕೆಳಗೆ ಆಡುವಾಗ ಟೋ ಬದಲಾಗುವುದನ್ನು ಕಡಿಮೆ ಮಾಡಿತು. ಆಡಿ ಟಿಟಿ ಮೊದಲು ಬಂದಾಗ ಜರ್ಮನಿಯಲ್ಲಿ ಜೋರು ವೇಗದಲ್ಲಿ ಅಪಘಾತಗಳಾಗಿ, ಕಾರುಗಳನ್ನು ವಾಪಸ್ ಕರೆಸಿ ಸಸ್ಪೆನ್ಷನ್ ತಿದ್ದಿದರು, ಹಿಂದೆ ಸಣ್ಣ ಸ್ಪಾಯ್ಲರ್ (ಗಾಳಿಯನ್ನು ತಡೆಯುವ ಪಟ್ಟಿ) ಮತ್ತು ಇಎಸ್‌ಪಿ (ಕಾರು ಜಾರಿದಾಗ ತಾನಾಗಿ ಹಿಡಿತಕ್ಕೆ ತರುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಸೇರಿಸಿದರು. ಹಿಂಭಾಗ ಸ್ಥಿರವಾಗಿಲ್ಲದಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ, ಅಲ್ವಾ?

ಹಾಗಾದರೆ ಮೂರು ಪ್ರಿಂಟ್‌ಔಟ್ ಹಸಿರು ಬಂದದ್ದು ಹೇಗೆ? ಅಲೈನ್‌ಮೆಂಟ್ ಯಂತ್ರ ಅಳೆಯುವುದು ಸುಮ್ಮನೆ ನಿಂತ ಕಾರನ್ನು. ನಿಂತ ಕಾರಿನಲ್ಲಿ ಚಕ್ರವನ್ನು ಯಾರೂ ಎಳೆಯುತ್ತಿರುವುದಿಲ್ಲ. ನಾವು ಕಾರನ್ನು ಚಕ್ರದ ಮೇಲೇ ನಿಲ್ಲಿಸಿ, ಅಲೈನ್‌ಮೆಂಟ್ ಪರದೆ ಚಾಲೂ ಇಟ್ಟುಕೊಂಡೆವು. ನಮ್ಮ ಹುಡುಗ ಕೆಳಗಿಂದ ಉದ್ದದ ಲಿವರ್ ಹಾಕಿ ಎಡ ಹಿಂದಿನ ಚಕ್ರದ ಆರ್ಮನ್ನು, ಅಂದರೆ ಚಕ್ರವನ್ನು ಕಾರಿಗೆ ಹಿಡಿದಿಡುವ ಲೋಹದ ತೋಳನ್ನು, ಹಿಂದಕ್ಕೆ ಮೀಟಿದ. ಎಕ್ಸಲರೇಟರ್ ಬಿಟ್ಟಾಗ ಎಂಜಿನ್ ಚಕ್ರವನ್ನು ಎಳೆಯುವುದು ಅದೇ ದಿಕ್ಕಿಗೆ. 10 ನಿಮಿಷ ಟೋ-ಇನ್ ತೋರಿಸುತ್ತಿದ್ದ ಅಂಕಿ ಸರ್ರನೆ ಓಡಿ 15 ನಿಮಿಷ ಟೋ-ಔಟ್‌ಗೆ ಹೋಯಿತು. ಇಲ್ಲಿ ನಿಮಿಷ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ. ಒಟ್ಟು 25 ನಿಮಿಷ ಅಂದರೆ ಟೈರಿನ ಮುಂದಿನ ಮತ್ತು ಹಿಂದಿನ ಅಂಚಿನ ನಡುವೆ 4-5 ಮಿ.ಮೀ. ವ್ಯತ್ಯಾಸ. ಬಲಗಡೆ ಹಾಗೇ ಮೀಟಿದರೆ ಅಂಕಿ ಸ್ವಲ್ಪ ಅಲುಗಿ ವಾಪಸ್ ಬಂತು. ಎಡಗಡೆ ಆರ್ಮ್ ಕಳಚಿ ನೋಡಿದರೆ, ಅದು ಕಾರಿಗೆ ಸೇರುವಲ್ಲಿ ಇರುವ ಬುಷ್‌ನ ರಬ್ಬರ್ ಒಳಗಿನ ಲೋಹದ ಕೊಳವೆಯಿಂದ ಪೂರ್ತಿ ಬಿಟ್ಟುಕೊಂಡಿತ್ತು. ಹೊರಗಿಂದ ಒಂದು ಗೀರೂ ಕಾಣುತ್ತಿರಲಿಲ್ಲ.

ಒಣ ರಸ್ತೆಯಲ್ಲಿ ಟೈರಿನ ಹಿಡಿತ ಈ ತಪ್ಪನ್ನು ನುಂಗಿಕೊಳ್ಳುತ್ತಿತ್ತು. ನೀರು ಬಿದ್ದಾಗ ನುಂಗಲು ಹಿಡಿತವೇ ಇರಲಿಲ್ಲ. ಮೊದಲ ಮಳೆಯಂತೂ ಇನ್ನೂ ಕೆಟ್ಟದ್ದು, ಏಪ್ರಿಲ್-ಮೇ ತಿಂಗಳ ಮಾವಿನ ಮಳೆ ಬಿದ್ದ ದಿನ ರಸ್ತೆಯ ಧೂಳು, ಎಣ್ಣೆ, ಟೈರಿನ ಪುಡಿ ಎಲ್ಲ ಸೇರಿ ಸಾಬೂನಿನ ಹಾಗೆ ಆಗಿರುತ್ತದೆ.

ಬುಷ್ ಎರಡೂ ಕಡೆ ಹೊಸದು ಹಾಕಿದೆವು. ಒಂದು ಮಾತು ಮೆಕ್ಯಾನಿಕ್ ಗೆಳೆಯರಿಗೆ: ರಬ್ಬರ್ ಬುಷ್‌ನ ಬೋಲ್ಟನ್ನು ಚಕ್ರ ಜೋತಾಡುತ್ತಿರುವಾಗ ಬಿಗಿ ಮಾಡಬೇಡಿ. ಕಾರಿನ ಭಾರ ಚಕ್ರದ ಮೇಲೆ ಕೂತ ಮೇಲೆ ಬಿಗಿ ಮಾಡಿ. ಇಲ್ಲದಿದ್ದರೆ ರಬ್ಬರ್ ಮೊದಲ ದಿನದಿಂದಲೇ ತಿರುಚಿಕೊಂಡು ಬೇಗ ಹರಿಯುತ್ತದೆ. ಆಮೇಲೆ ಹಿಂದಿನಿಂದ ಶುರುಮಾಡಿ ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿ, ಸ್ಟೀರಿಂಗ್ ಕೋನದ ಸೆನ್ಸರನ್ನು ಮತ್ತೆ ಸೊನ್ನೆಗೆ ಕೂರಿಸಿದೆವು. ಅದು ತಪ್ಪಿದ್ದರೆ ಕಾರು ಎತ್ತ ಹೋಗಬೇಕು ಅನ್ನುವುದೇ ಇಎಸ್‌ಪಿಗೆ ತಪ್ಪಾಗಿ ಗೊತ್ತಾಗುತ್ತದೆ. ಮಳೆಯಲ್ಲಿ ಹಳದಿ ದೀಪ ಮಿನುಗುತ್ತದೆ, ಇಎಸ್‌ಪಿ ಕೆಟ್ಟಿದೆ ಅಂದುಕೊಂಡು ಮಾಲೀಕರು ಅದನ್ನು ಆಫ್ ಮಾಡಿ ಓಡಿಸುತ್ತಿದ್ದರಂತೆ. ಮಿನುಗಿದರೆ ಅದು ಕೆಲಸ ಮಾಡುತ್ತಿದೆ ಅಂತ ಅರ್ಥ. ಮಿನುಗದೆ ಉರಿದುಕೊಂಡೇ ಇದ್ದರೆ ಆಗ ತೋರಿಸಿ. ದಯವಿಟ್ಟು ಮಳೆಯಲ್ಲಿ ಅದನ್ನು ಆಫ್ ಮಾಡಬೇಡಿ.

ಇಂಥದ್ದನ್ನು ಪರೀಕ್ಷೆ ಮಾಡಲು ನಾನು ಹೆದ್ದಾರಿಗೆ ಹೋಗುವುದಿಲ್ಲ. ಹಿಂದಿನ ಗೋದಾಮಿನ ಅಂಗಳಕ್ಕೆ ಟ್ಯಾಂಕರ್ ನೀರು ಬಿಟ್ಟು, ಬರೀ 40ರಲ್ಲಿ ಬಲಕ್ಕೆ ತಿರುಗಿಸಿ ಎಕ್ಸಲರೇಟರ್ ಬಿಟ್ಟೆವು. ಕಾರು ಮೂತಿ ಸ್ವಲ್ಪ ಒಳಕ್ಕೆ ಎಳೆದುಕೊಂಡು ಸುಮ್ಮನೆ ನಿಧಾನವಾಯಿತು. ಮಾಲೀಕರನ್ನೇ ಕೂರಿಸಿ ಹತ್ತು ಸಲ ಮಾಡಿಸಿದೆ. ಮೂರನೇ ಸಲದ ಹೊತ್ತಿಗೆ ಅವರ ಭುಜ ಸಡಿಲವಾಗಿತ್ತು. ಐದು ಸಾವಿರ ಕಿ.ಮೀ. ಆದ ಮೇಲೆ ಟೈರಿನ ಒಳ ಅಂಚು ಅಳೆಯಲು ಬನ್ನಿ ಅಂದಿದ್ದೆ. ಮೊನ್ನೆ ಬಂದಿದ್ದರು, ಮಡಿಕೇರಿಗೆ ಹೋಗಿ ಬಂದ ಕೆಸರು ಇನ್ನೂ ಕಾರಿನ ಮೇಲಿತ್ತು. ಒಳ ಅಂಚು, ನಡು, ಹೊರ ಅಂಚು, ಎರಡೂ ಕಡೆ ಒಂದೇ ಅಳತೆ ಬಂತು.